ಹೇಳದೆ ಉಳಿದದ್ದೂ ಅಸತ್ಯವೆ?

ಸುಳ್ಳು ನುಡಿಯುವುದು ದೋಷವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಕೇಳದಿದ್ದ ಸಂಗತಿಯನ್ನು ಹೇಳದೆ ಸುಮ್ಮನಿದ್ದವನನ್ನು ಏನೆನ್ನಬೇಕು? ವ್ಯಾಪಾರಸ್ಥರೂ ಷೇರುದಾರರೂ ಆಗಿರುವ ನಮ್ಮವರಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು 2009ರ ಜನವರಿ 7ರಂದು ಬರೆದ ಪತ್ರವನ್ನು ನೆನೆಯೋಣ. ಲೆಕ್ಕದಲ್ಲಿ ತೋರಿಸಿದ್ದ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಅವರು ಒಪ್ಪಿಕೊಂಡಿದ್ದರು. ನಿಯಮಗಳಿಗೆ ಕೊರತೆಯಿತ್ತೆ? ಸೆಬಿಯು 2000ದಲ್ಲಿಯೇ ಷೇರುಪೇಟೆಯ ಒಪ್ಪಂದಕ್ಕೆ 49ನೆಯ ಕಲಮನ್ನು ಸೇರಿಸಿ, ಸ್ವತಂತ್ರ ನಿರ್ದೇಶಕರನ್ನೂ ಲೆಕ್ಕಪರಿಶೋಧನಾ ಸಮಿತಿಯನ್ನೂ ವಿಧಿಸಿತ್ತು. ಆ ಸಂಸ್ಥೆಯಲ್ಲಿ ಇವೆರಡೂ ಇದ್ದವು. ಸಾಲದೆಂಬಂತೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೂ ದೊರೆತಿತ್ತು!

ಇದು ನೇರವಾಗಿ ಕೂಟಲೇಖ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಸಾಲ ಪಡೆದಿದ್ದರು. ಅದನ್ನು ಷೇರುದಾರರಿಗೆ ತಿಳಿಸಬೇಕೆಂಬ ನಿಯಮ ಅಂದು ಇರಲಿಲ್ಲ. ಹಗರಣ ಹೊರಬಿದ್ದ ಅದೇ ಜನವರಿಯಲ್ಲಿ ಸೆಬಿಯು ಅದನ್ನು ಕಡ್ಡಾಯಗೊಳಿಸಿತು. ಹಾಗಾದರೆ ಒಂದೇ ತಿಂಗಳಲ್ಲಿ ಧರ್ಮವೇ ಬದಲಾಯಿತೆ?

ಇಲ್ಲವೆಂದೇ ನನ್ನ ಎಣಿಕೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದಷ್ಟೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಟ್ಟು ಕಳುಹಿಸುವುದು ಅದರ ಲಕ್ಷಣ. ಅಲ್ಲಿ ಕೊಡುವವನು ಸುಳ್ಳನ್ನು ತಾನಾಗಿ ಹುಟ್ಟಿಸುವುದಿಲ್ಲ. ಇನ್ನೊಬ್ಬನ ಅಜ್ಞಾನದ ಲಾಭ ಪಡೆಯುತ್ತಾನೆ. ಷೇರುದಾರನ ಹಣವೂ ನ್ಯಾಸವೇ. ನಿಯಮ ತಡವಾಗಿ ಬಂದಿತು, ಕರ್ತವ್ಯವು ಮೊದಲೇ ಇತ್ತು.

ಎಲ್ಲವನ್ನೂ ಸಾರಬೇಕೆಂದು ಇದರ ಅರ್ಥವಲ್ಲ. ಪರರ ಗುಟ್ಟನ್ನು ಬಯಲುಮಾಡುವುದೂ ಅತಿಚಾರವೇ. ಹೊಸ ಔಷಧದ ಸೂತ್ರವನ್ನು ಪ್ರತಿಸ್ಪರ್ಧಿಗೆ ಒಪ್ಪಿಸಬೇಕಾಗಿಲ್ಲ. ಆದರೆ ನಿರ್ದೇಶಕನ ಬಂಧುವಿನ ಸಂಸ್ಥೆಯೊಡನೆ ನಡೆದ ವ್ಯವಹಾರ ಅಂತಹ ಗುಟ್ಟಲ್ಲ. 2013ರ ಕಂಪನಿ ಕಾಯಿದೆಯೂ ಸೆಬಿಯ 2015ರ ನಿಬಂಧನೆಗಳೂ ಅದನ್ನು ಪ್ರಕಟಿಸಬೇಕೆನ್ನುತ್ತವೆ.

ಪರಿಣಾಮವಾಗಿ ವರದಿಗಳು ದಪ್ಪವಾಗಿವೆ. ಹೇಳಲೇಬೇಕಾದುದನ್ನು ನೂರಾರು ಪುಟಗಳ ನಡುವೆ, ಚಿಕ್ಕ ಅಕ್ಷರದ ಟಿಪ್ಪಣಿಯಲ್ಲಿ ಹೇಳಿ ಮುಗಿಸುವವರೂ ಇದ್ದಾರೆ. ಆದ್ದರಿಂದ ವಾರ್ಷಿಕ ವರದಿ ಕೈಗೆ ಬಂದಾಗ ನಾನು ಅಧ್ಯಕ್ಷರ ಭಾಷಣವನ್ನು ಬಿಟ್ಟು, ಸಂಬಂಧಿತರೊಡನೆ ನಡೆದ ವ್ಯವಹಾರಗಳ ಟಿಪ್ಪಣಿಯನ್ನು ಮೊದಲು ಹುಡುಕುತ್ತೇನೆ.