ಸತ್ತವನು ಎದ್ದು ಹಾಡಿದ್ದು

(ಆವರಗೆರೆಯ ಒಂದು ಮನೆಯ ಕಟ್ಟೆ, ಸಂಜೆ. ನಡುವೆ ಮಂಡಕ್ಕಿ, ನಾಲ್ಕು ಮಿರ್ಚಿ, ಪಕ್ಕದಲ್ಲಿ ಹಳೆಯ ಪೇಟಿ, ಅಂದರೆ ಹಾರ್ಮೋನಿಯಂ. ಮಾವ ಬಹಳ ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿದವರು. ಸೊಸೆ, ಅಂದರೆ ಅವರ ಅಕ್ಕನ ಮಗಳು, ಹರಿಹರದಲ್ಲಿ ಕನ್ನಡ ಪಾಠ ಹೇಳುವವಳು. ನಿನ್ನೆ ರಾತ್ರಿ ದಾವಣಗೆರೆಯಲ್ಲಿ ಭಾವಗೀತೆ ಕೇಳಿ ಬಂದವಳಿಗೆ ಸಿಟ್ಟು ಇನ್ನೂ ಇಳಿದಿಲ್ಲ.)

ಸೊಸೆ: ಮಗು ತೀರಿಹೋದಾಗ ಹೆಂಡತಿಯ ನೋಟ ಎದುರಿಸಲಾರದೆ ಬೇಂದ್ರೆ ಬರೆದ ಪದ್ಯ ಮಾವ ಅದು. ಹಾಡಿ ಮುಗಿಸಿದ್ದೇ ತಡ, ಹಿಂದಿನಿಂದ ಒಬ್ಬ ‘ವನ್ಸ್ ಮೋರ್’ ಅಂದ. ಗಾಯಕರು ನಕ್ಕು, ಕೈ ಮುಗಿದು, ಮತ್ತೆ ಹಾಡಿದರು!

ಮಾವ: ಎರಡನೇ ಸಲ ಹೆಂಗಿತ್ತು?

ಸೊಸೆ: ಇನ್ನೂ ಚೆನ್ನಾಗಿತ್ತು. ಅದಕ್ಕೇ ಸಿಟ್ಟು.

ಮಾವ: ನಮ್ಮಲ್ಲಿ ಸತ್ತವರೇ ಎದ್ದು ಹಾಡಿದ್ದುಂಟು. ಬಾಣ ನಾಟಿ ಬಿದ್ದವನು ಪ್ರಾಣ ಬಿಡುವ ಪದ ಹಾಡಿ ಕಣ್ಣು ಮುಚ್ಚಿದ. ವನ್ಸ್ ಮೋರ್ ಬಿತ್ತು. ಎದ್ದ, ಅಂಗಿ ಜಾಡಿಸಿದ, ನನ್ನ ಕಡೆ ಕಣ್ಣು ಮಾಡಿದ. ಶ್ರುತಿ ಕೊಟ್ಟೆ. ಹಾಡಿ ಮತ್ತೆ ಸತ್ತ. ಎರಡು ಸಲವೂ ಜನ ಅತ್ತರು.

ಸೊಸೆ: ಅಂದರೆ ಅವರು ಅತ್ತದ್ದು ಪಾತ್ರಕ್ಕಲ್ಲ, ಗಂಟಲಿಗೆ.

ಮಾವ: ಗಂಟಲಿಗೇ ಆಗಿದ್ದರೆ ಸತ್ತವನಾದರೇನು, ಬದುಕಿದ್ದವನಾದರೇನು, ಅಳೋದು ಯಾಕೆ? ಅವನಿಗೆ ಮೈಮೇಲೆ ವೇಷ ಇತ್ತು. ಬಿಟ್ಟುಹೋದ ಜಾಗಕ್ಕೆ ವಾಪಸ್ ಬರೋಕೆ ಅದೊಂದು ಗುರುತು. ನಿನ್ನೆ ನಿಮ್ಮ ಗಾಯಕರ ಮೈಮೇಲೆ ಏನಿತ್ತು?

ಸೊಸೆ: ರೇಷ್ಮೆ ಜುಬ್ಬಾ.

ಮಾವ: ಹಂಗಾದರೆ ಎರಡನೇ ಸಲ ಹಾಡಿದವರು ಯಾರು?

ಸೊಸೆ: ಮೊದಲನೇ ಸಲ ಹಾಡಿದವರಾದರೂ ಯಾರು ಅಂತ ನಾನು ಕೇಳಬಹುದಲ್ಲ. ಪಶ್ಚಿಮದ ಹಾಡುನಾಟಕ ಒಪೇರಾದಲ್ಲೂ ಇದೇ ಪ್ರಶ್ನೆ. ಟೆನರ್ ಅಂದರೆ ಗಂಡುದನಿಗಳಲ್ಲಿ ಮೇಲಿನದು. ಪ್ರೇಮಿಯೋ ವೀರನೋ ಆಗಿ ನಿಂತು, ಇಡೀ ವಾದ್ಯಮೇಳವನ್ನು ಮೈಕಿಲ್ಲದೆ ದಾಟಿ ಕೊನೇ ಸಾಲಿಗೆ ಮುಟ್ಟಿಸಬೇಕು. ಅದೇ ಮನುಷ್ಯ ಇನ್ನೊಂದು ಸಂಜೆ ವೇಷ, ಪರದೆ ಏನೂ ಇಲ್ಲದೆ, ಪಿಯಾನೊ ಪಕ್ಕ ನಿಂತು ಕವಿತೆ ಹಾಡುತ್ತಾನೆ. ಶುಬರ್ಟ್ ಅನ್ನುವ ಸಂಯೋಜಕ 1827ರಲ್ಲಿ ಒಂದು ಚಳಿಗಾಲದ ಪಯಣಕ್ಕೆ 24 ಹಾಡು ಕಟ್ಟಿದ, ಮೂಲದಲ್ಲಿ ಟೆನರ್ ದನಿಗೇ. ಪ್ರೀತಿ ಕಳಕೊಂಡವನೊಬ್ಬ ಹಿಮದಲ್ಲಿ ನಡೆಯುತ್ತಾ ಇರುತ್ತಾನೆ, ಅಷ್ಟೇ. ಕೊನೇ ಹಾಡಲ್ಲಿ ಊರಾಚೆ ಹಿಡಿ ತಿರುಗಿಸಿ ವಾದ್ಯ ನುಡಿಸುವ ಮುದುಕ ಸಿಗುತ್ತಾನೆ. ನನ್ನ ಹಾಡಿಗೂ ನುಡಿಸ್ತೀಯಾ ಅಂತ ಇವನು ಕೇಳುತ್ತಾನೆ.

ಮಾವ: ಮುದುಕ ಏನಂದ?

ಸೊಸೆ: ಏನೂ ಇಲ್ಲ. ಹಾಡು ಅಲ್ಲಿಗೇ ಮುಗಿಯುತ್ತೆ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಪೇಟಿಯವನೇ ಇರಬೇಕು. ನೋಡು, ನಮ್ಮಲ್ಲೇ ಇಬ್ಬರನ್ನ ತಗೋ. ಏಣಗಿ ಬಾಳಪ್ಪನವರು, ಪಿ. ಕಾಳಿಂಗರಾಯರು. ಇಬ್ಬರೂ 1914ರಲ್ಲಿ ಹುಟ್ಟಿದವರು, ಇಬ್ಬರೂ ಕಂಪನಿಯ ಬಣ್ಣ ಹಚ್ಚಿದವರು. ಬಾಳಪ್ಪನವರು ವೇಷ ಬಿಡಲಿಲ್ಲ. ಬಸವಣ್ಣನಾಗಿ ನಿಂತು ವಚನ ಹಾಡಿದರೆ ಜನ ಕಾಲಿಗೆ ಬೀಳೋರು. ಕಾಳಿಂಗರಾಯರು ಹುಡುಗನಾಗಿದ್ದಾಗ ಕಂಪನಿ ಸೇರಿದವರು, ಆಮೇಲೆ ವೇಷ ಕಳಚಿದರು, ಮೋಹನಕುಮಾರಿ, ಸೋಹನಕುಮಾರಿಯರನ್ನ ಜೊತೆಗಿಟ್ಟುಕೊಂಡು ಕವಿಗಳ ಪದ್ಯ ಊರೂರಿಗೆ ಹಾಡಿದರು. ಬಣ್ಣ ಅಳಿಸಬಹುದು ತಂಗೀ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನೋ ರೂಢಿ ಅಳಿಸೋಕಾಗಲ್ಲ. ನಾಟಕದಲ್ಲಿ ಪದ ಬರೋದು ಮಾತು ಸಾಲದಾದಾಗ. ಮಗ ಅಪ್ಪನಿಗೆ ಹಾಡ್ತಾನೆ, ಹೆಂಡತಿ ಗಂಡನಿಗೆ ಹಾಡ್ತಾಳೆ. ಸುಮ್ಮಸುಮ್ಮನೆ ಯಾರೂ ಹಾಡಲ್ಲ. ಭಾವಗೀತೆ ಪುಸ್ತಕದಿಂದ ಬಂತು ಅಂತ ನೀವು ಪಾಠ ಹೇಳ್ತೀರಿ. ಪದ್ಯ ಬಂದದ್ದು ಪುಸ್ತಕದಿಂದ, ಒಪ್ಪಿದೆ. ಅದನ್ನ ಒಬ್ಬರಿಗೆ ಹೇಳೋ ಹಂಗೆ ಹಾಡೋದು ಬಂದದ್ದು ನಮ್ಮ ತಗಡಿನ ಥಿಯೇಟರಿಂದ.

ಸೊಸೆ: ಇದು ನನಗೆ ಹೊಳೆದಿರಲಿಲ್ಲ. ಸರಿ ಅನ್ನಿಸುತ್ತೆ.

ಮಾವ: ಇಷ್ಟು ಬೇಗ ಒಪ್ಪಬೇಡ.

ಸೊಸೆ: ಹಾಗಾದರೆ ಕೇಳಿ. ಮಲ್ಲಿಕಾರ್ಜುನ ಮನ್ಸೂರರೂ ಅಣ್ಣನ ನಾಟಕ ಕಂಪನಿಯಲ್ಲಿ ಬೆಳೆದವರೇ. ಅವರ ವಚನ ಗಾಯನದಲ್ಲಿ ನನಗೆ ಮೊದಲು ಕೇಳುವುದು ರಾಗ. ಅಲ್ಲಿ ಎದುರಿಗೆ ಯಾರಿದ್ದಾರೆ?

ಮಾವ: ಅಂಕಿತ ಐತಲ್ಲ! ಎಷ್ಟೇ ತಾನ ಹೊಡೆದು ಎಲ್ಲೇ ಸುತ್ತಿ ಬರಲಿ, ಕೂಡಲಸಂಗಮದೇವ ಅಂದ ಕೂಡಲೇ ಎದುರಿಗೆ ಒಬ್ಬ ಬಂದು ನಿಂತ. ಅವರು ಆ ಹೆಸರಿಗೆ ಬಂದಾಗ ದನಿ ಹೆಂಗೆ ಇಳೀತಿತ್ತು ಅಂತೀಯ! ಅದರ ಮಾತಿಗೆ ಹೋದರೆ ರಾತ್ರಿ ಸಾಲಲ್ಲ. ಮಿರ್ಚಿ ಆರ್ತಾ ಐತೆ.

ಸೊಸೆ: ಭಾವಗೀತೆಗೆ ಅಂಕಿತವಿಲ್ಲ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು, ಮೈಸೂರು ಅನಂತಸ್ವಾಮಿಯವರ ಸಂಯೋಜನೆ. ಕ್ಯಾಸೆಟ್ಟಿನವರಿಗೆ ಎದುರಿಗೆ ಇದ್ದದ್ದು ಗಾಜಿನ ಕೋಣೆ. ಆದರೂ ಅಮ್ಮ ರೊಟ್ಟಿ ಬಡಿಯುತ್ತಾ ಅಂಥವನ್ನು ಕೇಳಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಯಾರೂ ಅವಳಿಗಂತ ಹಾಡಿರಲಿಲ್ಲ.

ಮಾವ: ಅಕ್ಕನಿಗೆ ಹೊಗೆಗೆ ಕಣ್ಣೀರು ಬಂದಿರಬೇಕು.

ಸೊಸೆ: ಮಾವ!

ಮಾವ: ಆಯ್ತು, ಆಯ್ತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದನಿ ಕುಂದಿದ ಗಾಯಕರನ್ನ ನೋಡಿದ್ದೀನಿ. ಕರಿ ನಾಲ್ಕರ ಶ್ರುತಿಯಲ್ಲಿ ಹಾಡ್ತಿದ್ದವರು ವಯಸ್ಸಾದ ಮೇಲೆ ಕರಿ ಒಂದಕ್ಕೆ ಇಳಿದರು. ಕೂಗೋ ಶಕ್ತಿ ಹೋದ ಮೇಲೇ ಅವರ ಸಾಹಿತ್ಯ ನನಗೆ ಕಿವಿಗೆ ಬಿದ್ದದ್ದು. ಅಷ್ಟು ವರ್ಷ ಪಕ್ಕದಲ್ಲೇ ಕೂತು ನುಡಿಸಿದ್ದೆ, ಕೇಳೇ ಇರಲಿಲ್ಲ. ಇರಲಿ. ಬೇಂದ್ರೆಯವರ ಆ ಪದ್ಯದಲ್ಲಿ ಹೆಂಡತಿ ಎಲ್ಲಿ ಕೂತಿದ್ದಾಳೆ?

ಸೊಸೆ: ಎದುರಿಗೇ. ಅವಳು ನೋಡ್ತಿರೋದನ್ನೇ ಅವನಿಗೆ ತಡೆಯೋಕಾಗ್ತಿಲ್ಲ.

ಮಾವ: ತಡೆಯೋಕಾಗದವನು ಮುಖ ಎತ್ತ ಮಾಡ್ತಾನೆ?

ಸೊಸೆ: ಬೇರೆ ಕಡೆ.

ಮಾವ: ಹಂಗಾದರೆ ಅದನ್ನ ಸಭೆಗೆ ಮುಖ ಕೊಟ್ಟು ಹಾಡಬಾರದು.

ಸೊಸೆ: ಮೈಕು?

(ಮಾವ ಕೈ ಒರೆಸಿಕೊಂಡು ಪೇಟಿ ಎಳೆದುಕೊಂಡರು. ತಿದಿಯಲ್ಲಿ ಗಾಳಿ ಸೋರುತ್ತಿತ್ತು.)

ಮಾವ: ಕರಿ ಐದು ಹಿಡೀತೀನಿ. ಹಾಡು.

ಸೊಸೆ: ಯಾವ ಕಡೆ ತಿರುಗಿ?