ಡಿಜಿಟಲ್ ನಾಣ್ಯವೂ ನ್ಯಾಸಧರ್ಮವೂ

ವ್ಯಾಪಾರದಲ್ಲಿ ತೊಡಗಿದ ಗೃಹಸ್ಥನ ಕೈಗೆ ಎರಡು ಬಗೆಯ ಹಣ ಬರುತ್ತದೆ. ತಾನು ದುಡಿದು ಗಳಿಸಿದ ಸ್ವಂತ ದ್ರವ್ಯ ಒಂದು. ಅನ್ಯರು ನಂಬಿ ಅವನಲ್ಲಿ ತಂದಿಟ್ಟ ನ್ಯಾಸ ಇನ್ನೊಂದು. ಗಲ್ಲಾಪೆಟ್ಟಿಗೆಯಲ್ಲಿ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಧರ್ಮದ ದೃಷ್ಟಿಯಲ್ಲಿ ಇವುಗಳ ಸ್ವರೂಪವೇ ಬೇರೆ. ಕ್ರಿಪ್ಟೋಕರೆನ್ಸಿ ಎಂಬ ಹೊಸ ನಾಣ್ಯಕ್ಕೆ ನಿಜವಾದ ಮೌಲ್ಯವಿದೆಯೇ, ಅದರಲ್ಲಿ ಹಣ ಹೂಡುವ ನಿಧಿಗಳಿಗೆ ಸರಕಾರದ ನಿಯಂತ್ರಣ ಬೇಕೇ ಎಂಬ ಪ್ರಶ್ನೆಗಳು ಇಂದು ಸಣ್ಣ ಊರುಗಳ ಅಂಗಡಿಗಳನ್ನೂ ತಲುಪಿವೆ. ಮೇಲೆ ಹೇಳಿದ ಭೇದವನ್ನು ಮುಂದಿಟ್ಟುಕೊಂಡೇ ಇವುಗಳನ್ನು ವಿಚಾರಿಸುವುದು ಉಚಿತ.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಒಂದೇ ದಾರಿಯ ಮೇಲಿರುವ ಊರುಗಳು. ಮೌಲ್ಯವು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಈ ಮೂರೂ ಒಂದೊಂದು ಉತ್ತರ ಕೊಡುತ್ತವೆ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆಯುವ ಭತ್ತ. ಪೇಟೆಯ ಧಾರಣೆ ಏರಲಿ, ಇಳಿಯಲಿ, ಅದು ಹಸಿವನ್ನು ನೀಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ತೆಗೆಯುವ ಚಿನ್ನ. ಅದು ಹಸಿವನ್ನು ನೀಗದು, ಆದರೆ ಕೆಡುವುದೂ ಇಲ್ಲ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನ; ಅದರಲ್ಲಿ ಅಶೋಕನೆಂಬ ಹೆಸರೇ ಕಾಣಿಸಿಕೊಂಡದ್ದರಿಂದ, ದೇವಾನಾಂಪ್ರಿಯನೆಂಬ ಬಿರುದಿನಲ್ಲಿ ಮಾತನಾಡಿದ ಅರಸ ಯಾರೆಂಬುದು ದೃಢಪಟ್ಟಿತು. ಮಾತಿನ ಹಿಂದೆ ಹೆಸರಿದ್ದರೆ ಅದರ ಹೊಣೆಗಾರ ಯಾರೆಂಬುದು ತಿಳಿಯುತ್ತದೆ. ಕಾಗದದ ಹಣ ನಿಂತಿರುವುದು ಈ ಮೂರನೆಯ ಆಧಾರದ ಮೇಲೆ.

ಈ ಭಾಗದ ಹಿರಿಯರಿಗೆ ಇದು ಅನುಭವದ ಮಾತು. ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಲ್ಲಿ ಇಲ್ಲಿ ನಿಜಾಮರ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬುದು ಅದರ ಲೆಕ್ಕ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು; ಆ ನಾಣ್ಯವನ್ನು ಕ್ರಮಕ್ರಮವಾಗಿ ಹಿಂತೆಗೆದುಕೊಂಡು 1959ರ ವೇಳೆಗೆ ಚಲಾವಣೆಯಿಂದ ಸಂಪೂರ್ಣವಾಗಿ ತೆಗೆದುಹಾಕಲಾಯಿತು. ಅರಸೊತ್ತಿಗೆ ಹೋದರೂ ಹಿಂದಿನ ಹೊಣೆಯನ್ನು ಹೊಸ ಸರಕಾರ ಹೊತ್ತುಕೊಂಡಿತು. ಹಳೆಯ ನಾಣ್ಯಕ್ಕೆ ಬದಲಿ ಸಿಕ್ಕಿತು.

ಬಿಟ್‌ಕಾಯಿನ್ ಈ ಬಗೆಯ ಹೊಣೆಯನ್ನೇ ಬೇಡವೆಂದು ಹುಟ್ಟಿದ ನಾಣ್ಯ. 2009ರ ಜನವರಿಯಲ್ಲಿ ಇದು ಆರಂಭವಾಯಿತು. ಇದನ್ನು ರೂಪಿಸಿದವರು ಸತೋಷಿ ನಕಮೊಟೊ ಎಂಬ ಹೆಸರನ್ನು ಬಳಸಿದರು. ಆ ಹೆಸರಿನ ಹಿಂದಿರುವವರು ಯಾರೆಂಬುದು ಇಂದಿಗೂ ದೃಢಪಟ್ಟಿಲ್ಲ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರದಂತೆ ಗಣಿತದ ಕಟ್ಟಳೆಯಿದೆ. ವ್ಯವಹಾರದ ಖಾತೆಯನ್ನು ಜಗತ್ತಿನ ಅಸಂಖ್ಯ ಕಂಪ್ಯೂಟರುಗಳು ಏಕಕಾಲಕ್ಕೆ ಇಟ್ಟುಕೊಂಡಿರುವುದರಿಂದ ಅದನ್ನು ತಿದ್ದುವುದು ಅತಿಕಷ್ಟ. ಲೆಕ್ಕದ ಶುದ್ಧಿಯ ದೃಷ್ಟಿಯಿಂದ ಇದು ಮೆಚ್ಚತಕ್ಕ ವ್ಯವಸ್ಥೆ. ಆದರೆ ಲೆಕ್ಕ ಶುದ್ಧವಾಗಿರುವುದು ಬೇರೆ, ಲೆಕ್ಕದಲ್ಲಿರುವ ವಸ್ತುವಿಗೆ ಮೌಲ್ಯವಿರುವುದು ಬೇರೆ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ ಸುಮಾರು 69 ಸಾವಿರ ಡಾಲರಿನಷ್ಟಿತ್ತು. ಒಂದೇ ವರ್ಷದಲ್ಲಿ ಅದು 16 ಸಾವಿರದ ಆಸುಪಾಸಿಗೆ ಇಳಿಯಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿತು. ಈ ಏರಿಳಿತಗಳ ನಡುವೆ ಆ ನಾಣ್ಯದ ಗುಣದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ಕೊಳ್ಳುವವರ ಆಶೆ ಮತ್ತು ಅಂಜಿಕೆ.

ಇದಕ್ಕೆ ಪ್ರತಿವಾದಗಳಿವೆ, ಅವನ್ನು ಕಡೆಗಣಿಸುವುದು ನ್ಯಾಯವಲ್ಲ. ಚಿನ್ನವೂ ಫಲ ಕೊಡುವುದಿಲ್ಲ, ಅದರ ಬೆಲೆಯ ಬಹುಭಾಗ ಜನರ ನಂಬಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಸರಕಾರದ ಮಾತೂ ಬದಲಾಗುತ್ತದೆ, 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾಗಲಿಲ್ಲವೇ ಎನ್ನುವವರೂ ಇದ್ದಾರೆ. ಎರಡೂ ಸತ್ಯ. ಆದುದರಿಂದ ಡಿಜಿಟಲ್ ನಾಣ್ಯಕ್ಕೆ ಮೌಲ್ಯವೇ ಇಲ್ಲವೆಂದು ಸಾಧಿಸಹೊರಡುವುದು ಏಕಾಂತವಾದವಾದೀತು. ಅದರ ಬೆಲೆ ನಾಳೆ ಎಷ್ಟಿರುತ್ತದೆಂದು ಯಾರೂ ಹೇಳಲಾರರು, ಕಡಿಮೆಯಾದರೆ ಕೇಳಲು ಯಾರೂ ಇರುವುದಿಲ್ಲ, ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು. ನೀತಿಯ ಪ್ರಶ್ನೆ ಹುಟ್ಟುವುದು ಇಂಥ ಅನಿಶ್ಚಿತ ವಸ್ತುವಿಗೆ ಅನ್ಯರ ಹಣವನ್ನು ಹಾಕಿದಾಗ.

ಸಿಂಧನೂರಿನ ಒಂದು ದಲಾಲಿ ಅಂಗಡಿಯ ಯುವಕನನ್ನು ಊಹಿಸಿಕೊಳ್ಳಬಹುದು. ಅವನು ಸ್ವಂತ ಹಣದಿಂದ ಬಿಟ್‌ಕಾಯಿನ್ ಕೊಂಡು ಲಾಭ ಪಡೆದಿದ್ದಾನೆ. ಅದನ್ನು ಕಂಡು ಮಸ್ಕಿಯಲ್ಲಿರುವ ವಿಧವೆ ಚಿಕ್ಕಮ್ಮ ತನ್ನ ಉಳಿತಾಯವನ್ನು ಕೊಡುತ್ತಾಳೆ. ಹಟ್ಟಿಯ ಗಣಿಯಿಂದ ನಿವೃತ್ತನಾದ ಕಾರ್ಮಿಕ ತನ್ನ ಗಂಟನ್ನು ಕೊಡುತ್ತಾನೆ. ರೈತನೊಬ್ಬ ಭತ್ತದ ಹಣವನ್ನು ಅಂಗಡಿಯಲ್ಲೇ ಬಿಡುತ್ತಾನೆ. ಒತ್ತಾಯವಿಲ್ಲ, ಮೋಸದ ಉದ್ದೇಶವೂ ಇಲ್ಲ. ಒಂದು ವಹಿಯಲ್ಲಿ ಹೆಸರುಗಳಿವೆ. ದೊಡ್ಡ ನಗರಗಳ ಹೂಡಿಕೆ ನಿಧಿಯ ಚಿಕ್ಕ ರೂಪ ಇದು. ಬೆಲೆ ಏರಿದಾಗ ಅವನು ತಾನಾಗಿ ಸುದ್ದಿ ಮುಟ್ಟಿಸುತ್ತಾನೆ; ಅರ್ಧಕ್ಕೆ ಇಳಿದಾಗ ಮೌನವಾಗುತ್ತಾನೆ. “ನನ್ನ ರೊಕ್ಕ ಹೆಂಗೈತಪ?” ಎಂದು ಚಿಕ್ಕಮ್ಮ ಕೇಳಿದರೆ, “ಐತಿ ಚಿಕ್ಕಮ್ಮ, ನೀವೇನ್ ಚಿಂತಿ ಮಾಡಬ್ಯಾಡ್ರಿ” ಎನ್ನುತ್ತಾನೆ. ಹಣ ಇದೆ ಎಂಬುದು ಸುಳ್ಳಲ್ಲ. ಎಷ್ಟಿದೆ ಎಂಬುದನ್ನು ಅವನು ಹೇಳಲಿಲ್ಲ, ಅಷ್ಟೆ.

ಇವನು ತಪ್ಪಿತಸ್ಥನೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ ನ್ಯಾಸಾಪಹಾರವನ್ನು ಎಣಿಸಲಾಗಿದೆ. ಇಟ್ಟ ಹಣದ ಅಪಹಾರವಾದ್ದರಿಂದ ಅದು ಅಚೌರ್ಯದ ಕೆಳಗೆ ಬರಬೇಕಿತ್ತೆಂದು ತೋರುವುದು ಸಹಜ. ಆದರೆ ಅದು ಬಂದಿರುವುದು ಸತ್ಯವ್ರತದ ಕೆಳಗೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಇದರ ವಿವರಣೆಯಿದೆ. ಹಣವಿಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪಿಬಿಡುತ್ತಾನೆ. ಇಲ್ಲಿ ಬಲವಂತವಿಲ್ಲ, ಕನ್ನವಿಲ್ಲ. ಎದುರಿಗಿದ್ದವನ ಅಜ್ಞಾನವನ್ನು ತಿದ್ದದೆ, ಅದರಿಂದ ತನಗೆ ಅನುಕೂಲ ಮಾಡಿಕೊಳ್ಳುವುದೇ ದೋಷ. ಆ ದಲಾಲಿ ಅಂಗಡಿಯ ಯುವಕನ ಸಮಾಧಾನದ ಮಾತು ಈ ಅತಿಚಾರಕ್ಕೆ ಬಹಳ ದೂರವಿಲ್ಲ. ಬೆಲೆ ಇಳಿದದ್ದು ಅವನ ದೋಷವಲ್ಲ. ಇಳಿದದ್ದನ್ನು ಮುಚ್ಚಿಟ್ಟದ್ದು ಅವನ ದೋಷ.

ಸರಕಾರದ ನಿಯಂತ್ರಣದ ಅರ್ಥವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರ ಸುತ್ತೋಲೆಯಿಂದ ಈ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2021ರ ಡಿಸೆಂಬರಿನಲ್ಲಿ ಸೆಬಿಯ ಅಧ್ಯಕ್ಷರು, ಕಾನೂನು ಬರುವವರೆಗೆ ಮ್ಯೂಚುವಲ್ ಫಂಡುಗಳು ಕ್ರಿಪ್ಟೋ ಆಧಾರಿತ ಯೋಜನೆಗಳನ್ನು ತರಕೂಡದೆಂದರು. ಅಮೆರಿಕದಲ್ಲಿಯಾದರೋ 2024ರ ಜನವರಿಯಲ್ಲಿ ಬಿಟ್‌ಕಾಯಿನ್ ನಿಧಿಗಳಿಗೆ ಅನುಮತಿ ದೊರೆಯಿತು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ಶೇಕಡ 30ರ ತೆರಿಗೆ ಬಂದಿತು. 2023ರ ಮಾರ್ಚಿನಲ್ಲಿ ಈ ವ್ಯವಹಾರ ನಡೆಸುವ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ಬಂದವು. ತೆರಿಗೆ ಪಡೆದ ಮಾತ್ರಕ್ಕೆ ಸರಕಾರ ಆ ವಸ್ತುವಿಗೆ ಭರವಸೆ ಕೊಟ್ಟಂತಾಗುವುದಿಲ್ಲ. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ಭಾರತೀಯ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳನ್ನು ಕಂಪ್ಯೂಟರ್ ಕಳ್ಳರು ಕದ್ದಾಗ, ತೆರಿಗೆ ಕಟ್ಟಿದ್ದ ಗ್ರಾಹಕರೂ ತಮ್ಮ ಹಣವನ್ನು ಹಿಂಪಡೆಯಲಾಗದೆ ಕಾಯಬೇಕಾಯಿತು.

ಯಾವ ಕಾಯಿದೆಯೂ ವಸ್ತುವಿಗೆ ಮೌಲ್ಯವನ್ನು ಕೊಡಲಾರದು. ಅನ್ಯರ ಹಣ ಹಿಡಿದವನು ಯಾರು, ಎಷ್ಟು ಹಿಡಿದಿದ್ದಾನೆ, ಎಲ್ಲಿ ಇಟ್ಟಿದ್ದಾನೆ ಎಂಬುದನ್ನು ಬಾಯಿಬಿಟ್ಟು ಹೇಳುವಂತೆ ಮಾಡಬಲ್ಲುದು. ನೋಂದಣಿಯಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸಿದ 2019ರ ಕಾಯಿದೆಯ ಆಶಯವೂ ಇಂಥದೇ. ಕಾಯಿದೆ ಬಲದಿಂದ ಮಾಡಿಸುವುದನ್ನು ವ್ರತಿಯಾದವನು ತಾನಾಗಿಯೇ ಮಾಡುತ್ತಾನೆ. ಇದ್ದ ಕಾಯಿದೆಯನ್ನು ಮೀರುವುದಿಲ್ಲ, ಇಲ್ಲದ ಕಾಯಿದೆಯನ್ನು ನೆಪವಾಗಿಸುವುದಿಲ್ಲ.

ಹೀಗೆ ನೋಡಿದಾಗ ಗೃಹಸ್ಥನ ಕರ್ತವ್ಯ ನಿರ್ಧಾರವಾಗುತ್ತದೆ. ಸ್ವಂತ ದ್ರವ್ಯದಲ್ಲಿ, ತಾನು ಹಾಕಿಕೊಂಡ ಪರಿಗ್ರಹ ಪರಿಮಾಣದೊಳಗೆ, ನಷ್ಟವಾದರೂ ಮನೆಮಂದಿಗೆ ತೊಂದರೆಯಾಗದಷ್ಟನ್ನು ಅವನು ಇಂಥದರಲ್ಲಿ ಹಾಕಿದರೆ ಅದು ಅವನ ವಿವೇಕಕ್ಕೆ ಬಿಟ್ಟ ವಿಷಯ. ನ್ಯಾಸದ ಹಣವನ್ನು ಇಟ್ಟವರ ಅರಿವಿಲ್ಲದೆ ಹಾಕುವುದು ಸಲ್ಲದು. ಅರಿವೆಂದರೆ ಬರಿಯ ಒಪ್ಪಿಗೆಯಲ್ಲ. ಪೂರ್ತಿ ಹೋಗಬಹುದೆಂಬ ಮಾತನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳಿರಬೇಕು. ಹಾಗೆ ಹೇಳಿದ್ದರೆ ನಷ್ಟ ಇಟ್ಟವರದು. ಹೇಳಿರದಿದ್ದರೆ, ಆ ಯುವಕನು ವಹಿಯನ್ನು ತೆಗೆದುಕೊಂಡು ಮಸ್ಕಿಗೆ ಹೋಗಿ, ಚಿಕ್ಕಮ್ಮನಿಗೆ ಉಳಿದಿರುವ ಮೊತ್ತವನ್ನು ಓದಿ ಹೇಳಿ, ಕಡಿಮೆ ಬಿದ್ದುದನ್ನು ತನ್ನ ಗಳಿಕೆಯಿಂದ ತುಂಬಿಕೊಡತಕ್ಕದ್ದು. ಅದಕ್ಕೆ ಕೆಲವು ವರ್ಷಗಳೇ ಹಿಡಿಯಬಹುದು. ಅಷ್ಟು ವರ್ಷ ಆ ಋಣವನ್ನು ಒಪ್ಪಿಕೊಂಡು ನಡೆಯುವುದೇ ಅವನ ಪಾಲಿಗೆ ಸತ್ಯವ್ರತ.