ಉಸಿರು ಪಡೆದು ಹಾಡೋಣ



ಆಗಮನ ಕಾಲ ಹತ್ತಿರವಾಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಂಜೆ ಹೊತ್ತು ದೇವಾಲಯದ ದೀಪ ತಡವಾಗಿ ಆರುತ್ತದೆ. ಹಾರ್ಮೋನಿಯಂ ಅಥವಾ ಕೀಬೋರ್ಡಿನ ಸುತ್ತ ಗಾಯನ ವೃಂದದವರು ಸೇರುತ್ತಾರೆ. ಕಾಲೇಜಿನಿಂದ ಬಂದವರಿರುತ್ತಾರೆ, ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿರುತ್ತಾರೆ, ಒಲೆಯ ಮೇಲಿನ ಅನ್ನ ಇಳಿಸಿ ಓಡಿ ಬಂದ ತಾಯಂದಿರಿರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಅರ್ಧ ಜನರ ಗಂಟಲು ಕಟ್ಟಿಹೋಗಿರುತ್ತದೆ. ಹಬ್ಬದ ನಡುರಾತ್ರಿ ಮಹಿಮಾಗೀತೆಯಲ್ಲಿ ಸ್ವರ ಏರಬೇಕಾದ ಕಡೆ ಕೂಗು ಏರುತ್ತದೆ. "ಸ್ವಾಮಿ, ಉಸಿರು ಸಾಲುವುದಿಲ್ಲ" ಎಂಬ ಮಾತನ್ನು ನಾನು ಪ್ರತಿವರ್ಷವೂ ಕೇಳುತ್ತೇನೆ.

ಈ ವಾರ ಆ ಮಾತನ್ನೇ ಧ್ಯಾನಿಸೋಣ. ಉಸಿರು ಏಕೆ ಸಾಲುವುದಿಲ್ಲ? ಅದು ಯಾರದು? ಎಲ್ಲಿಂದ ಬರುತ್ತದೆ?

ಮೊದಲು ಪಡೆಯುವುದು

ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವದ ಉಸಿರನ್ನು ಊದಿದರೆಂದು ಆದಿಕಾಂಡ ಹೇಳುತ್ತದೆ (ಆದಿ 2:7). ಮನುಷ್ಯ ಮಾತನಾಡುವ ಮುನ್ನ, ದುಡಿಯುವ ಮುನ್ನ, ಪಾಪ ಮಾಡುವ ಮುನ್ನ ಒಂದು ಉಸಿರನ್ನು ಪಡೆದ. ಪಡೆಯುವುದೇ ಅವನ ಮೊದಲ ಕೆಲಸ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಗಾಳಿ, ಉಸಿರು, ಆತ್ಮ ಈ ಮೂರಕ್ಕೂ 'ರೂಆಹ್' ಎಂಬ ಒಂದೇ ಪದವಿದೆ. ಯೆಜೆಕಿಯೇಲನು ಕಂಡ ಒಣ ಎಲುಬುಗಳ ಕಣಿವೆಗೆ ಬಂದದ್ದು ಇದೇ (ಯೆಜೆ 37). ಪುನರುತ್ಥಾನದ ಸಂಜೆ ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಶಿಷ್ಯರ ಮೇಲೆ ಪ್ರಭು ಯೇಸು ಉಸಿರೂದಿಯೇ ಪವಿತ್ರಾತ್ಮರನ್ನು ಅನುಗ್ರಹಿಸಿದರು (ಯೊವಾನ್ನ 20:22).

ಗಾಯಕರು ಕಲಿಯಬೇಕಾದ ಮೊದಲ ಪಾಠವೂ ಇದೇ. ನಮ್ಮಲ್ಲಿ ಬಹುಮಂದಿ ಹಾಡಲು ನಿಂತೊಡನೆ ಭುಜ ಮೇಲೆತ್ತಿ, ಎದೆ ಉಬ್ಬಿಸಿ, ಗಾಳಿಯನ್ನು ಸೊರ್ರೆಂದು ಎಳೆದುಕೊಳ್ಳುತ್ತಾರೆ. ಆಗ ಕತ್ತು ಬಿಗಿಯುತ್ತದೆ, ಗಂಟಲು ಬಿಗಿಯುತ್ತದೆ. ಎಳೆದುಕೊಂಡ ಗಾಳಿ ಅರ್ಧ ಸಾಲಿಗೇ ಖಾಲಿಯಾಗುತ್ತದೆ.

ದೇವರು ನಮ್ಮ ಶರೀರವನ್ನು ಬೇರೆ ರೀತಿ ಮಾಡಿದ್ದಾರೆ. ಶ್ವಾಸಕೋಶಗಳ ಕೆಳಗೆ ಮಗುಚಿದ ಬಟ್ಟಲಿನಂತೆ 'ವಪೆ' ಎಂಬ ಸ್ನಾಯುವಿದೆ. ಅದು ಕೆಳಗಿಳಿದಾಗ ಹೊಟ್ಟೆ ತುಸು ಮುಂದಕ್ಕೆ ಬರುತ್ತದೆ, ಕೆಳಗಿನ ಪಕ್ಕೆಲುಬುಗಳು ಅಗಲವಾಗುತ್ತವೆ, ಒಳಗೆ ಜಾಗವಾಗುತ್ತದೆ. ಜಾಗವಾದೊಡನೆ ಗಾಳಿ ತಾನೇ ಒಳಗೆ ಬರುತ್ತದೆ. ಅದನ್ನು ಬಲವಂತದಿಂದ ಸೆಳೆಯಬೇಕಾಗಿಲ್ಲ, ಎಡೆ ಮಾಡಿಕೊಟ್ಟರೆ ಸಾಕು. ದೈವಕೃಪೆಯ ವಿಷಯದಲ್ಲೂ ಧರ್ಮಸಭೆ ಇದನ್ನೇ ಕಲಿಸುತ್ತದೆಯಲ್ಲವೇ? ಕೃಪೆಯನ್ನು ನಾವು ದೇವರಿಂದ ಕಿತ್ತುಕೊಳ್ಳುವುದಿಲ್ಲ. ಅವರ ಸಹಾಯದಿಂದಲೇ ಹೃದಯದಲ್ಲಿ ಎಡೆ ಮಾಡುತ್ತೇವೆ, ಅವರು ಬರುತ್ತಾರೆ.

ಕೆಲವು ಅಭ್ಯಾಸಗಳು

"ಸ್ವಾಮಿ, ಪವಿತ್ರಾತ್ಮರು ಹಾಡಿಸುತ್ತಾರೆ, ಅಭ್ಯಾಸ ಯಾಕೆ?" ಎಂದು ಕೇಳುವವರಿದ್ದಾರೆ. ಕೃಪೆಯು ಮಾನವ ಸ್ವಭಾವವನ್ನು ಅಳಿಸಿಹಾಕುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಹಾಗಾಗಿ ಮನೆಯಲ್ಲೇ ಮಾಡಬಹುದಾದ ಕೆಲವು ಅಭ್ಯಾಸಗಳನ್ನು ತಿಳಿಸುತ್ತೇನೆ.

ಮೊದಲನೆಯದು: ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕವಿಡಿ. ಉಸಿರು ಬಂದಾಗ ಪುಸ್ತಕ ಮೇಲೇಳಬೇಕು, ಹೋದಾಗ ಇಳಿಯಬೇಕು, ಭುಜ ಅಲುಗಬಾರದು. ಐದು ನಿಮಿಷ ಸಾಕು. ಬಳಿಕ ನಿಂತು ಹಾಗೆಯೇ ಉಸಿರಾಡಿ.

ಎರಡನೆಯದು: ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತುಂಬಿಕೊಂಡು, 'ಸ್ಸ್' ಎಂದು ಸಮನಾಗಿ ಬಿಡುತ್ತಾ ಹನ್ನೆರಡು ಎಣಿಸಿ. ದಿನ ಕಳೆದಂತೆ ಹದಿನಾರಕ್ಕೆ, ಇಪ್ಪತ್ತಕ್ಕೆ ಏರಿಸಿ. ತಲೆ ತಿರುಗಿದರೆ ನಿಲ್ಲಿಸಿ ಕುಳಿತುಕೊಳ್ಳಿ. ಎಷ್ಟು ತುಂಬಿದಿರಿ ಎಂಬುದಕ್ಕಿಂತ ಎಷ್ಟು ಹದವಾಗಿ ಬಿಟ್ಟಿರಿ ಎಂಬುದು ಮುಖ್ಯ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ನಮಗೆ ಬೇಕಾಗುವುದು ಸುಮಾರು ಅರ್ಧ ಲೀಟರ್ ಗಾಳಿ. ಹಾಡಿನ ಸಾಲಿಗೆ ಇನ್ನೂ ಹೆಚ್ಚು ಬೇಕು ನಿಜ, ಆದರೆ ಸೋರಿಕೆ ನಿಂತರೆ ಎಷ್ಟೋ ಸಾಲು ಮುಗಿಯುತ್ತದೆ.

ಮೂರನೆಯದು: ಹಾಡುವ ಮುನ್ನ ಧ್ವನಿಯನ್ನು ಎಬ್ಬಿಸಬೇಕು. ಮಕ್ಕಳು ಬಸ್ಸು ಓಡಿಸುವ ಆಟದಲ್ಲಿ ತುಟಿ ನಡುಗಿಸಿ 'ಬ್ರ್ರ್' ಎನ್ನುತ್ತಾರಲ್ಲ, ಅದೇ ಸದ್ದಿನಲ್ಲಿ ಮೆಲ್ಲಗೆ ಸ್ವರ ಏರಿಸಿ ಇಳಿಸಿ. ಆಮೇಲೆ ಬಾಯಿ ಮುಚ್ಚಿ 'ಮ್' ಎಂದು ಗುನುಗಿ. ಕೀಬೋರ್ಡಿನ 440 ಕಂಪನದ ಸ್ವರವನ್ನು ಒಬ್ಬ ಹೆಣ್ಣುಮಗಳು ಹಾಡಿದಾಗ ಅವಳ ಧ್ವನಿಪೆಟ್ಟಿಗೆಯ ಪುಟ್ಟ ತಂತುಗಳು ಒಂದು ಸೆಕೆಂಡಿನಲ್ಲಿ 440 ಸಲ ಕಂಪಿಸುತ್ತವೆ. ಅಷ್ಟು ಸೂಕ್ಷ್ಮವಾದುದನ್ನು ಒಮ್ಮೆಲೇ ಕೂಗಿಗೆ ದೂಡಬಾರದು. ದಿನವಿಡೀ ಆಗಾಗ ನೀರು ಕುಡಿಯಿರಿ. ಗಂಟಲು ಕಟ್ಟಿದಾಗ ಪಿಸುಗುಟ್ಟುವುದರಿಂದ ಲಾಭವಿಲ್ಲ, ಮೌನವೇ ಮದ್ದು. ಮೂರು ವಾರ ಕಳೆದರೂ ಧ್ವನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿ ತೋರಿಸಿ. ಧ್ವನಿ ಒಡೆಯುವ ವಯಸ್ಸಿನ ಹುಡುಗರನ್ನು ಎತ್ತರದ ಸ್ವರಕ್ಕೆ ಒತ್ತಾಯಿಸಬೇಡಿ, ನಗಾಡಿ ಓಡಿಸಲೂ ಬೇಡಿ. ಅವರಿಗೆ ಹೊಸ ಧ್ವನಿಯೊಂದು ಬರುತ್ತಿದೆ, ಕಾಯೋಣ.

ನಾಲ್ಕನೆಯದು ನಮ್ಮ ಭಾಷೆಗೆ ಸೇರಿದ್ದು. 'ಹ' ಎಂಬ ಅಕ್ಷರದಲ್ಲಿ ಉಸಿರಿನ ಹೊರತು ಬೇರೇನೂ ಇಲ್ಲ. ಆಡುಮಾತಿನ ಅಭ್ಯಾಸದಿಂದ ಹಲವರ ಬಾಯಲ್ಲಿ 'ಹಾಡು' ಎಂಬುದು 'ಆಡು' ಆಗುತ್ತದೆ. ಇದು ಯಾರನ್ನೂ ಹಂಗಿಸುವ ಮಾತಲ್ಲ. ಆದರೆ ದೇವರ ಮುಂದೆ ಹಾಡುವಾಗ 'ಮಹಿಮೆ'ಯಲ್ಲಿರುವ ಉಸಿರನ್ನು ಬಿಟ್ಟುಬಿಡಬಾರದು. ಹಾಗೆಯೇ ಹ್ರಸ್ವ, ದೀರ್ಘಗಳು. ರಾಗಕ್ಕಾಗಿ 'ಬಲಿ'ಯನ್ನು 'ಬಾಲಿ' ಎಂದು ಎಳೆದರೆ ಜನರಿಗೆ ಅರ್ಥವೇ ತಪ್ಪುತ್ತದೆ. ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಎಂಬರ್ಥದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ (1 ಕೊರಿಂಥ 14:15).

ಯಾರಿಗಾಗಿ ಈ ಧ್ವನಿ?

ಧ್ವನಿ ಚೆನ್ನಾದಾಗ ಇನ್ನೊಂದು ಶೋಧನೆ ಬರುತ್ತದೆ. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಕೈಯಿಂದ ದೇವಾಲಯವೊಂದನ್ನು ಕಿತ್ತುಕೊಳ್ಳಲು ಚಕ್ರವರ್ತಿಯ ತಾಯಿ ಜಸ್ಟಿನಾ ಹೊರಟಳು. ಭಕ್ತಜನ ಸಾಯಲೂ ಸಿದ್ಧರಾಗಿ ತಮ್ಮ ಧರ್ಮಾಧ್ಯಕ್ಷರೊಡನೆ ದೇವಾಲಯದಲ್ಲಿ ಕಾವಲಿದ್ದರು. ಅವರು ದುಃಖದಿಂದ ಕುಗ್ಗಬಾರದೆಂದು ಆಗ ಅಲ್ಲಿ ಗೀತೆ, ಕೀರ್ತನೆಗಳನ್ನು ಎಲ್ಲರೂ ಹಾಡುವ ಪದ್ಧತಿ ಆರಂಭವಾಯಿತು. ಮರುವರ್ಷ ಅದೇ ಊರಿನಲ್ಲಿ ಜ್ಞಾನಸ್ನಾನ ಪಡೆದ ಸಂತ ಅಗಸ್ಟೀನರು ಆ ಹಾಡುಗಳನ್ನು ಕೇಳಿ ಕಣ್ಣೀರಿಟ್ಟರು. ಆದರೆ ಹಾಡಿನ ವಿಷಯಕ್ಕಿಂತ ಹಾಡಿದ ಧ್ವನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅದು ತಮ್ಮ ಪಾಪವೆಂದು ಅವರೇ ತಮ್ಮ 'ಕನ್ಫೆಶನ್ಸ್' ಗ್ರಂಥದಲ್ಲಿ ಒಪ್ಪಿಕೊಂಡಿದ್ದಾರೆ.

1967ರಲ್ಲಿ ರೋಮ್ ಹೊರಡಿಸಿದ ಪವಿತ್ರ ಸಂಗೀತದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗಾಯನ ವೃಂದದವರಿಗೆ ಸಂಗೀತದ ಶಿಕ್ಷಣದ ಜೊತೆಗೆ ಆರಾಧನೆಯ ಹಾಗೂ ಆಧ್ಯಾತ್ಮಿಕ ಶಿಕ್ಷಣವೂ ಬೇಕು. ಅವರು ನೆರೆದ ಜನರ ಒಂದು ಭಾಗವೆಂದು ತೋರುವ ಸ್ಥಳದಲ್ಲಿರಬೇಕು. ಜನರನ್ನು ಪೂರ್ತಿ ಮೌನವಾಗಿಸಿ ಎಲ್ಲವನ್ನೂ ವೃಂದವೇ ಹಾಡುವುದು ಸರಿಯಲ್ಲ. ಶ್ರುತಿಯನ್ನು ಜನರಿಗೆ ಎಟುಕದಷ್ಟು ಏರಿಸಿದರೆ, ಪ್ರತಿಯೊಬ್ಬ ಗಾಯಕನ ಬಾಯಿಗೂ ಒಂದೊಂದು ಮೈಕು ಹಿಡಿದರೆ ಜನ ಬಾಯಿ ಮುಚ್ಚುತ್ತಾರೆ. ಒಂದು ಸ್ವರ ಇಳಿಸಿ ನೋಡಿ. ಹಿಂದಿನ ಬೆಂಚಿನ ಅಜ್ಜನೂ ಹಾಡುತ್ತಾರೆ.

ನನ್ನ ತಪ್ಪು

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಸೇವೆ ಮಾಡುತ್ತಿದ್ದ ಧರ್ಮಕೇಂದ್ರವೊಂದರ ವೃಂದದಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರು. ಉಬ್ಬಸದ ಕಾಯಿಲೆ, ಧ್ವನಿ ನಡುಗುತ್ತಿತ್ತು. ಸಾಲಿನ ಮಧ್ಯೆ ನಿಲ್ಲಿಸುತ್ತಿದ್ದರು, ಮತ್ತೆ ಸೇರಿಕೊಳ್ಳುತ್ತಿದ್ದರು. ಯುವಕರು ದೂರಿದರು. ಕ್ರಿಸ್ಮಸ್ಸಿಗೆ ಹತ್ತು ದಿನವಿರುವಾಗ ನಾನು, "ಅಮ್ಮಾ, ಈ ಸಲ ನೀವು ಕೆಳಗೆ ಕೂತು ನಮಗಾಗಿ ಪ್ರಾರ್ಥಿಸಿ" ಎಂದೆ. "ಆಯ್ತು ಸ್ವಾಮಿ" ಎಂದು ಹಾಡಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಆ ದಿನದಿಂದ ಜನರ ನಡುವೆ ಕುಳಿತೂ ಅವರು ಬಾಯಿ ತೆರೆಯಲಿಲ್ಲ.

ತಪಸ್ಸು ಕಾಲದಲ್ಲಿ ಅವರು ಹಾಸಿಗೆ ಹಿಡಿದಾಗ ಪರಮಪ್ರಸಾದ ಕೊಡಲು ಹೋದೆ. ಪ್ರಾರ್ಥನೆ ಮುಗಿದ ಮೇಲೆ, "ಒಂದು ಹಾಡು ಹಾಡಿ ಸ್ವಾಮಿ" ಎಂದರು. ಒಬ್ಬನೇ ಹಾಡತೊಡಗಿದೆ. ಶ್ರುತಿ ಎತ್ತರ ಹಿಡಿದಿದ್ದೆ, ಮೂರನೇ ಸಾಲಿಗೆ ನನ್ನ ಉಸಿರು ಮುಗಿಯಿತು. ನಾನು ನಿಲ್ಲಿಸಿದಲ್ಲಿ ಅವರು ಸಣ್ಣ ದನಿಯಲ್ಲಿ ಹಿಡಿದುಕೊಂಡರು. ಅವರು ನಿಲ್ಲಿಸಿದಲ್ಲಿ ನಾನು ಮತ್ತೆ ಸೇರಿಕೊಂಡೆ. ಹೀಗೇ ಹಾಡು ಮುಗಿಯಿತು. ಆಮೇಲೆ ಅವರು, "ನಂಗೆ ಉಸಿರು ಸಾಲದು ಅಂತ ಗೊತ್ತಿತ್ತು ಸ್ವಾಮಿ. ಅದಕ್ಕೇ ಮಧ್ಯೆ ಮಧ್ಯೆ ಬಿಟ್ಟು ಹಾಡ್ತಿದ್ದೆ. ಪಕ್ಕದವರು ಇರ್ತಿದ್ರಲ್ಲ" ಎಂದರು.

ಸಂಗೀತ ಬಲ್ಲವರು ವೃಂದಗಳಿಗೆ ಕಲಿಸುವುದೂ ಇದನ್ನೇ. ದೀರ್ಘವಾದ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಹಾಡು ಕಡಿದುಹೋಗುತ್ತದೆ. ಒಬ್ಬೊಬ್ಬರು ಒಂದೊಂದು ಕಡೆ ಮೆಲ್ಲಗೆ ನಿಲ್ಲಿಸಿ, ಉಸಿರು ಪಡೆದು, ಸದ್ದಿಲ್ಲದೆ ಮತ್ತೆ ಸೇರಬೇಕು. ಆಗ ಪ್ರತಿಯೊಬ್ಬರೂ ನಿಲ್ಲಿಸಿದ್ದರೂ ಹಾಡು ನಿಲ್ಲುವುದಿಲ್ಲ. ಕ್ರಿಸ್ತರ ಶರೀರದ ಅಂಗಗಳು ನಾವೆಂದು ನಾನು ಎಷ್ಟೋ ಸಲ ಬೋಧಿಸಿದ್ದೆ. ಅದರ ಅರ್ಥ ಬಲ್ಲ ಒಬ್ಬರನ್ನು ನಾನೇ ಕೆಳಗೆ ಕಳಿಸಿದ್ದೆ. ಅವರ ಮಂಚದ ಬಳಿ ಕ್ಷಮೆ ಕೇಳಿದೆ. ಅವರು ಚೇತರಿಸಿಕೊಂಡರು, ಆದರೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹಾಗಾಗಿ ಅಟ್ಟದ ಮೇಲಿದ್ದ ವೃಂದವೇ ಕೆಳಗಿಳಿದು ಜನರ ಪಕ್ಕದ ಬೆಂಚುಗಳಿಗೆ ಬಂತು. ಇನ್ನೆರಡು ಕ್ರಿಸ್ಮಸ್ ಅವರು ಬೆಂಚಿನ ತುದಿಯಲ್ಲಿ ಕುಳಿತು ಹಾಡಿದರು.

ಕೊನೆಯ ಉಸಿರಿನವರೆಗೆ

ಪ್ರಭು ಯೇಸುವೂ ಹಾಡಿದವರು. ಕಡೆಯ ಭೋಜನದ ನಂತರ ಶಿಷ್ಯರೊಡನೆ ಸ್ತುತಿಗೀತೆ ಹಾಡಿಯೇ ಓಲಿವ್ ಗುಡ್ಡಕ್ಕೆ ಹೊರಟರು (ಮಾರ್ಕ 14:26). ಮರುದಿನ ಶಿಲುಬೆಯ ಮೇಲೆ ಒಂದೊಂದು ಉಸಿರೂ ನೋವಾಗಿದ್ದಾಗ ಅವರ ತುಟಿಗೆ ಬಂದದ್ದು ಬಾಲ್ಯದಿಂದ ಬಾಯಿಪಾಠವಾಗಿದ್ದ ಕೀರ್ತನೆಗಳ ಮಾತು. ಪಡೆದ ಉಸಿರನ್ನು ಅವರು ತಂದೆಯ ಕೈಗೆ ಹಿಂತಿರುಗಿಸಿದರು (ಲೂಕ 23:46). ನಮ್ಮ ಹಾಡಿನ ಅಭ್ಯಾಸವೆಲ್ಲ ಆ ದಿನಕ್ಕಾಗಿ. ಕೊನೆಗೊಮ್ಮೆ ಉಸಿರು ನಿಜವಾಗಿಯೂ ಸಾಲದೆ ಹೋದಾಗ ನಾಲಿಗೆಯಲ್ಲಿ ಪ್ರಾರ್ಥನೆಯೊಂದು ಉಳಿದಿರಲಿ ಎಂಬುದಕ್ಕಾಗಿ.

ಪ್ರಿಯ ತಂದೆತಾಯಂದಿರೇ, "ನಿನಗೆ ಹಾಡಲು ಬರೋದಿಲ್ಲ, ಸುಮ್ಮನಿರು" ಎಂದು ಮಕ್ಕಳಿಗೆ ಹೇಳಬೇಡಿ. ಸಂಜೆಯ ಜಪಸರದ ನಂತರ ಮನೆಯವರೆಲ್ಲ ಸೇರಿ ಒಂದು ಹಾಡು ಹಾಡಿ. ಪ್ರಿಯ ಗಾಯಕರೇ, ಮುಂದಿನ ಅಭ್ಯಾಸದ ದಿನ ಮೊದಲ ಎರಡು ನಿಮಿಷ ಯಾರೂ ಹಾಡದೆ ಕಣ್ಣು ಮುಚ್ಚಿ ನಿಲ್ಲಿ. ಉಸಿರು ಬರಲಿ. ಪಕ್ಕದವರ ಉಸಿರು ಕೇಳಿಸಲಿ. ಕೊರತೆಯಿರುವವರು ಯಾರೆಂದು ತಿಳಿದುಕೊಳ್ಳಿ. ಅವರನ್ನು ಕೆಳಗೆ ಕಳಿಸಬೇಡಿ, ಅವರ ಪಕ್ಕದಲ್ಲಿ ನಿಂತು ಹಾಡಿ.

ಪ್ರಾರ್ಥಿಸೋಣ: ಜೀವದಾತರಾದ ಪವಿತ್ರಾತ್ಮರೇ, ನಮ್ಮ ಬಿಗಿದ ಗಂಟಲನ್ನೂ ಬಿಗಿದ ಹೃದಯವನ್ನೂ ಸಡಿಲಿಸಿರಿ. ನೀವು ಕೊಟ್ಟ ಉಸಿರಿನಿಂದಲೇ ನಿಮ್ಮನ್ನು ಸ್ತುತಿಸಲು ಕಲಿಸಿರಿ. ನಮ್ಮ ಉಸಿರು ಮುಗಿದಲ್ಲಿ ಸಹೋದರರ ಧ್ವನಿ ನಮ್ಮನ್ನು ಹೊರಲಿ, ಅವರ ಉಸಿರು ಮುಗಿದಲ್ಲಿ ನಮ್ಮ ಧ್ವನಿ ಅವರನ್ನು ಹೊರಲಿ. ಆಮೆನ್.